ಮೀಸಲು ಗಡಿಗೆ

ಮಲಪನಗುಡಿಯ ಕಾಲುವೆ ಕೇರಿಯಲ್ಲಿ ಉಣ್ಣುವುದಕ್ಕೆ ಒಂದು ಕ್ರಮವಿತ್ತು. ಮೊದಲು ದುಡಿದು ಬಂದ ಗಂಡಸು, ಆಮೇಲೆ ಮಕ್ಕಳು, ಆಮೇಲೆ ಮನೆಯ ಹಿರಿಯಳು. ಅವರೆಲ್ಲ ಕೈ ತೊಳೆದು ಗಾಳಿಗೆಂದು ಕಟ್ಟೆಗೆ ಹೋದ ಮೇಲೆ, ಒಲೆಯ ಮುಂದೆ ಒಬ್ಬಳೇ ಕೂತು ಸೊಸೆ. ಹೊಳೆಮ್ಮ ಈ ಊರಿಗೆ ಸೊಸೆಯಾಗಿ ಬಂದಾಗ ಹಾಗೇ ಉಂಡಿದ್ದಳು. ಈಗ ಅವಳ ಸೊಸೆ ವಿರುಪಮ್ಮ ಹಾಗೇ ಉಣ್ಣುತ್ತಿದ್ದಳು.

ಇನ್ನೊಂದು ಕ್ರಮವೂ ಆ ಮನೆಯಲ್ಲಿತ್ತು. ಒಲೆಯ ಪಕ್ಕದ ಮೂಲೆಯಲ್ಲಿ, ನೆಲುವಿನ ಕೆಳಗೆ, ಒಂದು ಕರಿ ಗಡಿಗೆ. ಕುತ್ತಿಗೆಗೆ ಅರಿಶಿನದ ದಾರ. ದಿನವೂ ರೊಟ್ಟಿ ಬಡಿಯುವವಳ ಕೈಯಿಂದ ಒಂದು ಹಿಡಿ ಜೋಳ ಅದರೊಳಗೆ ಬೀಳಬೇಕು. ಮಂಗಳವಾರ ಮಂಗಳವಾರ ಹುಲಿಗೆಮ್ಮನ ಜೋಗಮ್ಮ ತಲೆಯ ಮೇಲೆ ದೇವರ ಬುಟ್ಟಿ ಹೊತ್ತು ಬಾಗಿಲಿಗೆ ಬಂದಾಗ ಆ ಗಡಿಗೆಯಿಂದ ಮೊರದ ತುಂಬ ಕಾಳು. ಕೇರಿಯಲ್ಲಿ ಯಾರ ಒಲೆ ಹತ್ತಲಿಲ್ಲವೋ ಅವರಿಗೂ ಅದರಿಂದಲೇ. ಹೊಳೆಮ್ಮನ ಅತ್ತೆ ಸಾಯುವಾಗ ಅವಳ ಕೈ ಹಿಡಿದು, "ಗಡಿಗಿ ತಳ ಕಾಣಬಾರದು ನೋಡು," ಎಂದಿದ್ದಳಂತೆ. ನಲವತ್ತು ವರ್ಷದಲ್ಲಿ ತಳ ಕಂಡಿರಲಿಲ್ಲ. ಹೊಳೆಮ್ಮನ ಗಂಡ ಉಚ್ಚೆಂಗಪ್ಪ ತೀರಿಕೊಂಡು ಮನೆಗೆ ಒಂದು ಕೂಲಿ ಕಡಿಮೆಯಾದ ವರ್ಷವೂ ಕಂಡಿರಲಿಲ್ಲ. ಅದು ತಾಯಿಯ ಕೃಪೆ ಎಂದು ಹೊಳೆಮ್ಮ ನಂಬಿದ್ದಳು.

ಮನೆಯೆಂದರೆ ಕಾಲುವೆಯ ಏರಿಗೆ ಬೆನ್ನು ಕೊಟ್ಟ ಒಂದು ಗುಡಿಸಲು. ಮೇಲೆ ಕಬ್ಬಿನ ಒಣಗರಿಯ, ರವದಿಯ ಹೊದಿಕೆ, ಸುತ್ತ ಮಣ್ಣಿನ ಗೋಡೆ. ಕಾಲುವೆಯ ನೀರು ಕೆಳಗಿನ ಗದ್ದೆಗಳಿಗೆ ಹರಿದು ಬಾಳೆ, ಕಬ್ಬು, ಭತ್ತವಾಗಿ ಮೇಲೇಳುತ್ತಿತ್ತು. ಗದ್ದೆಯವರ ಮನೆಗಳು ಮಾಳಿಗೆಯಾದವು, ಮಾಳಿಗೆಯ ಮೇಲೆ ಇನ್ನೊಂದು ಮಾಳಿಗೆ ಎದ್ದಿತು. ಏರಿಯ ಮೇಲಿನವರಿಗೆ ಕಾಲುವೆ ಕೊಟ್ಟದ್ದು ಜಿನುಗು. ಮಳೆಗಾಲಕ್ಕೆ ನೀರು ಬಿಟ್ಟರೆಂದರೆ ಹಿಂದಿನ ಗೋಡೆ ಬೆವರತೊಡಗುತ್ತಿತ್ತು. ನೆಲಕ್ಕೆ ಗೋಣಿಚೀಲ ಹಾಸಿದರೆ ಬೆಳಗಾಗುವುದರೊಳಗೆ ಅದೂ ಒದ್ದೆ. ಆ ಒದ್ದೆಯಲ್ಲೇ ಮಲಗಿ ಬೆಳೆದ ಮೊಮ್ಮಗಳು ಸುಂಕಮ್ಮನಿಗೆ ಹತ್ತು ವರ್ಷಕ್ಕೇ ಉಬ್ಬಸ ಹತ್ತಿತ್ತು. ಹೊಸಪೇಟೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಗುಳಿಗಿ ಕೊಡ್ತೀನವ್ವ. ಆದ್ರ ನೆಲ ಬದಲ್ ಮಾಡದಿದ್ರ ಗುಳಿಗಿ ಏನ್ ಮಾಡತೈತಿ? ಇನ್ನೊಂದು ಮಳಿಗಾಲ ಆ ನೆಲದ ಮ್ಯಾಲ ಮಲಗಿಸಬ್ಯಾಡ," ಎಂದಿದ್ದರು. ಅಂದಿನಿಂದ ವಿರುಪಮ್ಮನಿಗೆ ಬೇರೆ ಆಸೆ ಉಳಿಯಲಿಲ್ಲ. ಒಂದು ಒಣ ನೆಲ ಬೇಕಿತ್ತು, ಮುಂದಿನ ನೀರು ಬರುವುದರೊಳಗೆ.

ತೊಂಬತ್ತೆರಡರ ಬೇಸಿಗೆ. ಕಾಲುವೆಯ ನೀರು ನಿಂತಿತ್ತು. ಊರ ಹೊರಗಿನ ದಿಬ್ಬದ ಮೇಲೆ ಹೆಂಚಿನ ಮನೆ ಕಟ್ಟಿಸಿ ಕೊಡುತ್ತಾರಂತೆ, ಯಾರಿಗೆ ಎಂದು ಬರೆದುಕೊಳ್ಳಲು ಒಂದು ಸಂಸ್ಥೆಯವರು ಬರುತ್ತಾರಂತೆ ಎಂಬ ಸುದ್ದಿ ಕೇರಿಗೆ ಬಂತು. ಅವರು ಬರುವ ದಿನ ಬೆಳಿಗ್ಗೆ ವಿರುಪಮ್ಮ ಬಾಳೆತೋಟಕ್ಕೆ ಹೊರಟು ನಿಂತು, ತಲೆಗೆ ಸಿಂಬಿ ಸುತ್ತುತ್ತ ಹೇಳಿದಳು.

"ಅತ್ತಿ, ಇವತ್ತು ಗೊನಿ ಹೊರೋದೈತಿ, ಲಾರಿ ಬರತೈತಿ, ನಾ ಬಿಡಾಕ ಆಗಂಗಿಲ್ಲ. ನೀವ ಹೋಗಿ ಕುಂದ್ರಿ. ಅವರು ಏನ್ ಕೇಳಿದ್ರೂ ನಾಚಬ್ಯಾಡ್ರಿ. ನಮಗ ಏನೂ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ರಿ."

"ಹನುಮಪ್ಪನ ಗುಡಿ ಮುಂದ ಕುಂತು 'ಏನೂ ಇಲ್ಲ' ಅನ್ನಲೇನ? ದೇವ್ರು ಕೇಳಿಸ್ಕೋತಾನ."

"ದೇವ್ರಿಗೆ ಗೊತ್ತಿದ್ದದ್ದಾ ಐತ್ರಿ. ಅವರಿಗೆ ಗೊತ್ತಾಗಬೇಕು."

ಮಗ ಗಾದಿಲಿಂಗಪ್ಪ ಬಾಗಿಲಲ್ಲಿ ಕೂತು ಚಹಾ ಊದುತ್ತಿದ್ದ. ಗೊನೆ ಕಡಿಯುವ ಗುಂಪಿನಲ್ಲಿ ಅವನದು ಮುಂದಿನ ಕೈ. ಮಾತಿನಲ್ಲಿ ಮಾತ್ರ ಹಿಂದೆ. "ಅವ್ವ ಹೇಳ್ತಾಳ ಬಿಡು," ಎಂದ. ಗಂಡಹೆಂಡಿರು ಹೋದರು.

ಹನುಮಪ್ಪನ ಗುಡಿಯ ಮುಂದಿನ ಬೇವಿನ ನೆರಳಲ್ಲಿ ಕೇರಿಯ ಮೂವತ್ತು ಮನೆಯ ಹಿರಿಯರು ಕೂತಿದ್ದರು. ಬಂದವನು ಕಮಲಾಕರನೆಂಬ ತೆಳ್ಳನೆಯ ಮನುಷ್ಯ. ಹೊಸಪೇಟೆಯವನೇ, ಆಚಾರ್ಯರ ಮನೆಯವನು. ಕುರ್ಚಿ ಕೊಟ್ಟರೆ ಬೇಡವೆಂದು ಎಲ್ಲರಂತೆ ನೆಲದ ಮೇಲೆ ಕೂತ.

"ಸರ್ಕಾರದ ಲೆಕ್ಕ ಸರ್ಕಾರದ್ದು. ನಾನು ಕೇಳ್ಳಿಕ್ಕೆ ಬಂದದ್ದು ಬೇರೆ. ಬಡತನ ಅಂದ್ರ ಏನು, ಬಡವರು ಅಂದ್ರ ಯಾರು? ನೀವು ಹೇಳ್ರಿ, ನಾವು ಬರಕೋತೀವಿ."

ಕೇರಿಯ ಹಿರಿಯ ಎರ್ರಿಯಪ್ಪ ನಕ್ಕ. "ಇದನ್ನ ಕೇಳಾಕ ಜೀಪಿನಾಗ ಬರಬೇಕಿತ್ತೇನ್ರಿ ಸಾಹೇಬ್ರ? ಕಾಲುವಿ ಕೆಳಗ ಗದ್ದಿ ಇದ್ದಾರು ಸಾವ್ಕಾರ್ರು. ಕಾಲುವಿ ಏರಿ ಮ್ಯಾಲ ಗುಡಿಸಲಿದ್ದಾರು ಬಡವರು. ನೀರು ಒಂದಾ!"

ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರ ಬಾಯಿ ಬಿಚ್ಚಿತು.

"ಉಪ್ಪು ಚಟಾಕಿಲೆ ತರಾಕಿ ಬಡವಿ ನೋಡ್ರಿ."

"ಜಡ್ಡು ಬಂದ್ರ ಜಡ್ಡು ಬಂದೈತಿ ಅನ್ನಾಕ ಅಂಜಾಕಿ. ಮಲಗಿದ್ರ ಕೂಲಿ ಹೋತಲ್ಲ."

"ಲಗ್ನಕ್ಕ ಕರಿಯಾಕ ಬಂದಾರು ಮನಿ ಮುಂದ ಹಾದು ಹೋಗ್ತಾರಲ್ಲ, ಅಕ್ಷತಿ ಕೊಡದ, ಅದು ಬಡತನ," ಎಂದಳು ವಿಧವೆ ಭೀಮವ್ವ. "ಸತ್ರ ಹೊರಾಕ ನಾಕ್ ಮಂದಿ ಇಲ್ಲದ್ದು ಬಡತನ."

ಕಮಲಾಕರ ತಲೆಯೆತ್ತದೆ ಬರೆಯುತ್ತಿದ್ದ. ಹೊಳೆಮ್ಮ ಅಲ್ಲಿಯವರೆಗೆ ಸುಮ್ಮನಿದ್ದವಳು ಸೆರಗು ಸರಿಮಾಡಿಕೊಂಡು ಹೇಳಿದಳು.

"ನನ್ನ ಕೇಳಿದ್ರ, ಉಣ್ಣಾಕ ಇಲ್ಲದ್ದು ಬಡತನ ಅಲ್ಲ. ಇವತ್ತಿಲ್ಲ, ನಾಳಿಗೆ ಬರತೈತಿ. ಬಾಗಿಲಿಗೆ ಬಂದ ಕೈಗೆ ಹಿಡಿ ಕಾಳು ಹಾಕಾಕ ಆಗಲಾರದ್ದು ಬಡತನ. ಕೊಡೋ ಕೈ ಇರೋತನಕ ಆ ಮನಿ ಬಡವಲ್ಲ."

ಎರ್ರಿಯಪ್ಪ, "ಖರೆ ಐತಿ," ಎಂದ. ಎಲ್ಲರ ತಲೆಯೂ ತೂಗಿತು. ಕಮಲಾಕರನ ಕಣ್ಣು ಹೊಳೆದವು. ಅವನು ರಂಗೋಲಿಪುಡಿ ತರಿಸಿ ನೆಲದ ಮೇಲೆ ಮೂರು ದೊಡ್ಡ ವೃತ್ತ ಬರೆದ. "ಅಜ್ಜಿ ಹೇಳಿದ ಹಂಗ ಮಾಡೋಣು. ಇದು ಕೊಡೋ ಕೈ. ಇದು ತನಗಷ್ಟೇ ಸಾಕಾಗೋ ಕೈ. ಇದು ಒಡ್ಡೋ ಕೈ. ಮನೀಗೊಂದು ಹುಣಸಿಬೀಜ. ಯಾರ ಬೀಜ ಎಲ್ಲಿ ಹಾಕಬೇಕು, ನೀವೇ ಹಾಕ್ರಿ."

ಒಂದೊಂದೇ ಬೀಜ ಬಿತ್ತು. ವಾದವಾಯಿತು, ನಗೆಯಾಯಿತು, ಒಬ್ಬನ ಬೀಜ ಎರಡು ಸಲ ಅತ್ತಿತ್ತ ಓಡಾಡಿತು. ಹೊಳೆಮ್ಮನ ಮನೆಯ ಸರದಿ ಬಂದಾಗ ಎರ್ರಿಯಪ್ಪ ಬೀಜವನ್ನು ಅವಳ ಅಂಗೈಯಲ್ಲೇ ಇಟ್ಟ. "ಹೊಳೆಕ್ಕ, ನಿನ್ನ ಮಾತಿಗೆ ಗೆರಿ ಎಳದಾರ. ನಿಂದು ನೀನಾ ಹಾಕು."

"ಅದನ್ನೇನ್ ಕೇಳ್ತಿ ಎರ್ರಿಯಣ್ಣ," ಎಂದಳು ಭೀಮವ್ವ. "ನನ್ನ ಒಲಿ ಎಷ್ಟ್ ಸಲ ಹೊಳೆಕ್ಕನ ಗಡಿಗಿ ಕಾಳಿನಿಂದ ಹತ್ತೇತಿ. ಜೋಗಮ್ಮ ಆ ಬಾಗಿಲದಾಗಿಂದ ಬರಿಗೈಲೆ ಹೋಗಿದ್ದು ಯಾರರ ನೋಡೀರೇನು?"

ಬೆಳಗಿನ ಸೊಸೆಯ ಮಾತು ಹೊಳೆಮ್ಮನಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಎದುರಿಗೆ ಹನುಮಪ್ಪ ಇದ್ದ, ಸುತ್ತ ಮೂವತ್ತು ಮನೆಯ ಕಣ್ಣುಗಳಿದ್ದವು, ಭೀಮವ್ವನ ಮಾತು ಇನ್ನೂ ಗಾಳಿಯಲ್ಲಿತ್ತು. ಅವಳು ಬೀಜವನ್ನು ಮೊದಲ ವೃತ್ತದಲ್ಲಿಟ್ಟಳು. ಇಟ್ಟು, ಗುಡಿಯ ಕಡೆ ತಿರುಗಿ ಕೈ ಮುಗಿದಳು. ಮನೆಗೆ ಬಂದು ಗಡಿಗೆಯೊಳಗೆ ಕೈ ಹಾಕಿ ಜೋಳವನ್ನು ಒಮ್ಮೆ ಮುಟ್ಟಿಯೂ ನೋಡಿದಳು.

ಆ ಸಂಜೆ ಸೊಸೆ ಕೇಳಿದಾಗ, "ಎಲ್ಲಾ ಬರಕೊಂಡು ಹೋಗ್ಯಾರ," ಎಂದಳು. ವಿರುಪಮ್ಮ ಅಷ್ಟಕ್ಕೇ ಸಮಾಧಾನಪಟ್ಟು ರೊಟ್ಟಿ ಬಡಿಯಲು ಕೂತಳು. ಎಲ್ಲರದೂ ಆಯಿತು. ಹೊಳೆಮ್ಮ ಕಟ್ಟೆಗೆ ಹೊರಡುತ್ತ, "ನೀ ಉಣ್ಣ," ಎಂದಳು.

"ಹೊಲದಾಗ ಉಂಡೀನ್ರಿ ಅತ್ತಿ. ಹೊಟ್ಟಿ ತುಂಬೈತಿ. ಆಮ್ಯಾಲ ಒಂಚೂರು ಉಣ್ತೀನಿ."

ಅದು ಅವಳು ದಿನಾ ಹೇಳುವ ಮಾತೇ.

ಮೂರು ವಾರಕ್ಕೆ ಪಟ್ಟಿ ಬಂತು. ಒಂಬತ್ತು ಮನೆ. ಮೂರನೆಯ ವೃತ್ತದಲ್ಲಿ ಬೀಜ ಬಿದ್ದ ಒಂಬತ್ತು ಮನೆ. ಎರ್ರಿಯಪ್ಪ ಗುಡಿಯ ಮುಂದೆ ಓದಿಸಿದ್ದನ್ನು ವಿರುಪಮ್ಮ ಕೇಳಿದ್ದು ಬಾಳೆತೋಟದಲ್ಲಿ, ಬೇರೆ ಹೆಂಗಸರ ಬಾಯಲ್ಲಿ. ಬೀಜದ ಕಥೆಯನ್ನೂ ಅವರೇ ಹೇಳಿದರು, ಹೊಗಳುತ್ತ ಹೇಳಿದರು. "ನಿಮ್ಮತ್ತಿ ಮಾತು ಅಂದ್ರ ಮಾತವ್ವ. ಸಾಹೇಬನ ಕಣ್ಣಾಗ ನೀರು ಬಂತು."

ಅಂದು ಸಂಜೆ ರೊಟ್ಟಿ ತಟ್ಟೆಗೆ ಬಿದ್ದ ಸಪ್ಪಳವೇ ಬೇರೆಯಾಗಿತ್ತು. ಗಾದಿಲಿಂಗಪ್ಪ ತಲೆಯೆತ್ತಿದ.

"ಏನಾತ?"

"ನಿಮ್ಮವ್ವನ್ನ ಕೇಳ್ರಿ. ಕೊಡೋ ಕೈಯಂತ ನಮ್ದು."

ಹೊಳೆಮ್ಮ ಪುಂಡಿ ಪಲ್ಯಕ್ಕೆ ಕೈ ಹಾಕಿದವಳು ನಿಲ್ಲಿಸಿದಳು. "ಕೇರಿ ಮಂದಿ ಎಲ್ಲಾ ಹಂಗ ಅಂದ್ರು ವಿರುಪಿ. ನಾ ಒಬ್ಬಾಕೆ ಏನ್..."

"ಕೇರಿ ಮಂದಿ ಬೀಜ ನಿಮ್ಮ ಕೈಯಾಗ ಇಟ್ರಲ್ರೀ! ನಿಮ್ಮ ಕೈಲೆ ಹಾಕಿ ಬಂದ್ರಿ. ಆ ಹುಡುಗಿ ಎದಿ ಮುಂಜಾನಿ ತನಕ ಸುಂಯ್ ಅಂತೈತಿ, ಅದು ಕೇಳಲಿಲ್ಲೇನು?"

"ಸುಳ್ಳು ಹೇಳಂತೀಯೇನ? ನಮ್ಮ ಬಾಗಿಲದಾಗ ಜೋಗಮ್ಮ ಎಂದರ ಖಾಲಿ ಹೋಗ್ಯಾಳೇನು?"

"ಗಡಿಗಿ ತುಂಬಿದ್ದು ಎಲ್ಲಾರಿಗೂ ಕಾಣಸ್ತು. ಗ್ವಾಡಿ ತೊಯ್ದಿದ್ದು ಯಾರಿಗೂ ಕಾಣಲಿಲ್ಲ. ಹೆಂಗ ಕಾಣಬೇಕು? ಅವರು ಬಂದಿದ್ದು ಬ್ಯಾಸಿಗ್ಯಾಗ. ಕಾಲುವಿ ಬತ್ತಿದಾಗ ಬಂದು ಕೇಳಿದ್ರ ಎಲ್ಲಾ ಗ್ವಾಡಿನೂ ಒಣಗಿರತಾವ."

"ಉಣ್ಣಾಕ ಬಿಡ್ರಿ ಮಾರಾಯ್ತಿ," ಎಂದ ಗಾದಿಲಿಂಗಪ್ಪ.

"ನೀವು ಉಣ್ರಿ. ನೀವು ಯಾವಾಗರ ಉಣ್ಣದು ಬಿಟ್ಟೀರೇನು?"

"ಏ, ನಾಲಿಗಿ!" ಹೊಳೆಮ್ಮನ ದನಿ ಏರಿತು. "ದೇವರ ಗಡಿಗಿ ಅದು. ನಲವತ್ತು ವರ್ಷ ನಾ ತುಂಬೀನಿ. ಅದರ ಪುಣ್ಯಾದಿಂದ ಈ ಮನಿ ನಿಂತೈತಿ."

ವಿರುಪಮ್ಮ ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದಳು. ಹೊಗೆ ಎದ್ದಿತು. "ಆ ಗಡಿಗಿ ಯಾರ ಹೊಟ್ಟಿಂದ ತುಂಬೈತಿ ಅಂತ ನಿಮಗ ಗೊತ್ತಿಲ್ರಿ ಅತ್ತಿ," ಎಂದಳು. ಅಷ್ಟು ಹೇಳಿ ಎದ್ದು ಕೊಡ ತೆಗೆದುಕೊಂಡು ನೀರಿಗೆ ಹೋದಳು.

ಸಿಟ್ಟಿನ ಮಾತು ಎಂದುಕೊಂಡಳು ಹೊಳೆಮ್ಮ. ಸೊಸೆಯಾದವಳು ಒಂದಲ್ಲ ಒಂದು ದಿನ ಹಾಗೆ ಅನ್ನುತ್ತಾಳೆ. ತಾನೂ ಅಂದಿರಬಹುದು.

ಅಂದಿನಿಂದ ಮನೆಯಲ್ಲಿ ಕೆಲಸ ನಡೆಯಿತು, ಮಾತು ನಿಂತಿತು. ವಿರುಪಮ್ಮ ಅತ್ತೆಗೆ ಸ್ನಾನಕ್ಕೆ ನೀರಿಡುತ್ತಿದ್ದಳು, ಸೀರೆ ಒಗೆಯುತ್ತಿದ್ದಳು, ರೊಟ್ಟಿ ಬಿಸಿಯಿರುವಾಗಲೇ ಮುಂದಿಡುತ್ತಿದ್ದಳು. ಮಾತು ಮಾತ್ರ ಸುಂಕಮ್ಮನ ಮೂಲಕ. "ಅಜ್ಜಿಗಿ ಮಜ್ಜಿಗಿ ಬೇಕೇನು ಕೇಳು." "ಅವ್ವಗ ಬ್ಯಾಡ ಅಂತ ಹೇಳು." ನಡುವೆ ಆ ಹುಡುಗಿ ಇಬ್ಬರ ಮುಖ ನೋಡುತ್ತ ಉಸಿರೆಳೆಯುತ್ತಿದ್ದಳು. ಹತ್ತು ದಿನ ಕಳೆದವು. ಡ್ಯಾಮಿಗೆ ನೀರು ಬರತೊಡಗಿದೆ, ತಿಂಗಳೊಳಗೆ ಕಾಲುವೆಗೆ ಬಿಡುತ್ತಾರೆ ಎಂದು ಗದ್ದೆಯವರು ಸಸಿಮಡಿಗೆ ಭೂಮಿ ಹದ ಮಾಡತೊಡಗಿದರು. ಆ ದಿನ ಹೊಳೆಮ್ಮ ಯಾರಿಗೂ ಹೇಳದೆ ಹೊಸಪೇಟೆಗೆ ನಡೆದಳು.

ಕಮಲಾಕರ ಮನೆಯಲ್ಲಿರಲಿಲ್ಲ, ಮಧ್ಯಾಹ್ನಕ್ಕೆ ಬರುತ್ತಾನೆಂದಳು ಅವನ ತಾಯಿ ಗಂಗಾಬಾಯಿ. ಬಿಸಿಲಲ್ಲಿ ಬಂದವಳ ಮುಖ ನೋಡಿ ಹೊರಗಿನ ಜಗಲಿಯ ಮೇಲೆ ಎಲೆ ಹಾಕಿ ಅನ್ನ ಸಾರು ಬಡಿಸಿದಳು. ಹೊಸ್ತಿಲೊಳಗೆ ತಾನು ಕೂತು ಮಾತಿಗಿಳಿದಳು.

"ನೀವು ಉಂಡ್ರೇನ್ರವ್ವ?" ಎಂದು ಕೇಳಿದಳು ಹೊಳೆಮ್ಮ.

"ನಂದೇನು, ಎಲ್ಲಾರದೂ ಆದಮ್ಯಾಲೆ. ನಾನು ಸೊಸಿಯಾಗಿ ಬಂದಾಗಲಿಂದ ಹಂಗೇ. ಉಳಿದಿದ್ರ ಅನ್ನ, ಇಲ್ಲಂದ್ರ ತಿಳಿಮಜ್ಜಿಗಿ. ನಮ್ಮತ್ತೆ ಭಾಳ ದೊಡ್ಡ ಮನಸಿನಾಕಿ, ಊರಿಗೆಲ್ಲಾ ಉಣ್ಣಿಸಿದಾಕಿ. ನನ್ನ ಎಲಿ ಮಾತ್ರ ಒಂದಿನಾನೂ ನೋಡಲಿಲ್ಲ." ಗಂಗಾಬಾಯಿ ನಗುತ್ತಲೇ ಹೇಳಿದಳು. "ಸಾರು ಹಾಕಲೇನವ್ವ?"

ಹೊಳೆಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟಳು. "ಸಾಕ್ರಿ," ಎಂದಳು.

ಕಮಲಾಕರ ಬಂದು ಗೋಡೆಯ ಜಿನುಗು, ಮೊಮ್ಮಗಳ ಉಬ್ಬಸ, ಎಲ್ಲ ಕೇಳಿದ. "ಅಜ್ಜಿ, ನಿಮ್ಮ ಮಾತು ನಾ ಎಲ್ಲಾ ಸಭಾದಾಗ ಹೇಳ್ತೀನಿ. ಅಷ್ಟು ದೊಡ್ಡ ಮಾತು ಅದು. ಆದ್ರ ಪಟ್ಟಿ ನಾ ಒಬ್ಬಾವ ತಿದ್ದೋ ಹಂಗಿಲ್ಲ. ಮಂದಿ ಹಾಕಿದ್ದನ್ನ ಮಂದಿನೇ ತಗೀಬೇಕು. ಬರೋ ಸೋಮವಾರ ಬರ್ತೀನಿ. ಸಭಾದಾಗ ಹೇಳ್ರಿ, ನೋಡೋಣು."

ಮನೆಗೆ ಮರಳುವಾಗ ಬಿಸಿಲು ಇಳಿಯುತ್ತಿತ್ತು. ಮಗ ಸೊಸೆ ಇನ್ನೂ ಬಂದಿರಲಿಲ್ಲ. ಸುಂಕಮ್ಮ ಒಲೆಯ ಬಳಿ ಕೂತು ಕಡ್ಡಿ ಮುರಿಯುತ್ತಿದ್ದಳು. ಉಬ್ಬಸದ ಹುಡುಗಿ ಸಂಜೆಯ ಧೂಳಿಗೆ ಹೊರಗೆ ಹೋಗುವುದಿಲ್ಲ. ಎಲ್ಲರೂ ಕಟ್ಟೆಗೆ ಹೋದಾಗಲೂ ಅವಳು ಅಲ್ಲೇ ಒಲೆಯ ಬಿಸಿಗೆ ಬೆನ್ನು ಕೊಟ್ಟು ಕೂತಿರುತ್ತಾಳೆ. ಹೊಳೆಮ್ಮ ಅವಳ ಪಕ್ಕ ಕೂತಳು.

"ಸುಂಕಿ, ಖರೆ ಹೇಳು. ನಿಮ್ಮವ್ವ ಸಂಜಿಗಿ ಎಷ್ಟ್ ರೊಟ್ಟಿ ಉಣ್ತಾಳ?"

ಹುಡುಗಿ ತಲೆ ತಗ್ಗಿಸಿದಳು. "ಹೇಳಬ್ಯಾಡ ಅಂದಾಳಜ್ಜಿ."

"ನನ್ ಮುಂದ ಹೇಳಬಹುದು."

"ಸಂಜಿಗಿ ಉಣ್ಣಂಗಿಲ್ಲ. ತನ್ನ ಪಾಲಿನ ಜೋಳ ಬೀಸಾಕ ಹಾಕಂಗಿಲ್ಲ, ಆ ಗಡಿಗಿಗಿ ಹಾಕ್ತಾಳ. ಹಂಚಿಗಿ ಹತ್ತಿದ ಚೂರು ಕೆರಕೊಂಡು ನೀರು ಕುಡೀತಾಳ. ಅಜ್ಜ ಸತ್ತಾಗಿಂದ ಹಂಗಾ."

ಉಚ್ಚೆಂಗಪ್ಪ ಸತ್ತು ಐದು ವರ್ಷವಾಗಿತ್ತು.

ಹೊಳೆಮ್ಮ ಎದ್ದು ಗಡಿಗೆಯ ಮುಂದೆ ನಿಂತಳು. ಅರಿಶಿನದ ದಾರ, ತುಂಬಿದ ಕಾಳು. ಅವಳಿಗೆ ತನ್ನ ಇಪ್ಪತ್ತನೆಯ ವರ್ಷ ನೆನಪಾಯಿತು. ಇದೇ ಒಲೆಯ ಮುಂದೆ, ಹಂಚಿನ ತುದಿಗೆ ಹತ್ತಿದ ರೊಟ್ಟಿಯ ಚೂರನ್ನು ಉಗುರಿನಿಂದ ಎಬ್ಬಿಸುತ್ತಿದ್ದ ತನ್ನ ಕೈ. ಆ ಚೂರಿನ ಸುಟ್ಟ ರುಚಿ ಕೂಡ ನಾಲಿಗೆಗೆ ಬಂತು. ಗೊತ್ತಿಲ್ಲದ ಸಂಗತಿಯಲ್ಲ ಅದು. ಮರೆತ ಸಂಗತಿ.

ಸೋಮವಾರ ಬೇವಿನ ನೆರಳಲ್ಲಿ ಮತ್ತೆ ಎಲ್ಲರೂ ಕೂತರು. ಕಮಲಾಕರ ಹಳೆಯ ಬೀಜಗಳನ್ನೇ ಕಟ್ಟಿಕೊಂಡು ಬಂದಿದ್ದ, ವೃತ್ತ ಬರೆದು ಅವನ್ನು ಮೊದಲಿದ್ದಂತೆಯೇ ಇಟ್ಟ. ತೋಟದ ಕೆಲಸ ಬೇಗ ಮುಗಿದಿದ್ದರಿಂದ ವಿರುಪಮ್ಮನೂ ಬಂದು ಹಿಂದೆ ಗುಡಿಯ ಗೋಡೆಗೆ ಒರಗಿ ನಿಂತಿದ್ದಳು, ಸೀರೆಯ ಮೇಲೆ ಬಾಳೆಯ ಕಂದು ಕಲೆ. ಹೊಳೆಮ್ಮ ಎದ್ದಳು.

"ಅವತ್ತು ನಾ ಒಂದ್ ಮಾತು ಹೇಳಿದ್ದೆ. ಕೊಡೋ ಕೈ ಇದ್ದ ಮನಿ ಬಡವಲ್ಲ ಅಂದೆ. ಆ ಕೈ ಯಾರದು ಅಂತ ನಾ ನೋಡಲಿಲ್ಲ. ಐದು ವರ್ಷಾತು, ನನ್ನ ಸೊಸಿ ಸಂಜಿ ಊಟ ಬಿಟ್ಟಾಳ. ಆ ಕಾಳಾ ಗಡಿಗಿಗಿ ಬಿದ್ದಿದ್ದು. ಜೋಗಮ್ಮಗ ಹಾಕಿದ್ದು ಅದಾ. ಭೀಮಿ, ನಿನಗ ಕೊಟ್ಟಿದ್ದೂ ಅದಾ. ನಾ ಕೊಟ್ಟಾಕಿ ಅಲ್ಲ. ನಮ್ಮನಿ ಬೀಜ ಅಲ್ಲಿರಬಾರದು."

ಬಾಗಿ ಮೊದಲ ವೃತ್ತದಿಂದ ಒಂದು ಬೀಜ ತೆಗೆದು ಮೂರನೆಯದರಲ್ಲಿ ಇಟ್ಟಳು. ಯಾರೂ ಬೇಡವೆನ್ನಲಿಲ್ಲ.

ಎರ್ರಿಯಪ್ಪ ಗಂಟಲು ಸರಿಮಾಡಿಕೊಂಡ. "ಸಾಹೇಬ್ರ, ಒಂಬತ್ತು ಮನಿ ಮಂಜೂರಾಗ್ಯಾವ. ಹತ್ತನೇದು ಬಂತು. ಯಾರನ್ನ ತಗೀಬೇಕು?"

ಕಮಲಾಕರ ಉತ್ತರಿಸುವ ಮೊದಲೇ ಭೀಮವ್ವ ಎದ್ದಳು. "ನಂದು ತಗೀರಿ. ಒಂಟಿ ಹೆಂಗಸು, ಎಲ್ಲಾದ್ರೂ ಬೀಳ್ತೀನಿ. ಆ ಅನ್ನ ಉಂಡಾಕಿ ನಾ."

"ಕುಂದ್ರ ಭೀಮಿ," ಎಂದಳು ಹೊಳೆಮ್ಮ. "ನಿನ್ನ ಮನಿ ಕಿತ್ಕೊಂಡು ನನ್ನ ಮೊಮ್ಮಗಳನ್ನ ಮಲಗಿಸಲೇನ? ನಾ ಮನಿ ಕೇಳಾಕ ನಿಂತಿಲ್ಲ. ಖರೆ ಹೇಳಾಕ ನಿಂತೀನಿ."

ಕಮಲಾಕರ ಪುಸ್ತಕ ಮುಚ್ಚಿದ. "ನಾನು ಕೇಳಬೇಕಿತ್ತು," ಎಂದ. "ಆ ಹಿಡಿ ಯಾರ ಪಾಲಿಂದು ಅಂತ ನಾನು ಕೇಳಬೇಕಿತ್ತು. ಮಾತು ಚಂದಿತ್ತು, ಬರಕೊಂಡು ಹೋಗಿಬಿಟ್ಟೆ." ಪಟ್ಟಿ ಮೇಲಕ್ಕೆ ಹೋಗಿತ್ತು. ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲ ಹೆಸರು ಎಂದು ಬರೆದುಕೊಂಡ. ಅವನ ಕೈಯಲ್ಲಿದ್ದದ್ದು ಅಷ್ಟೇ.

ಸೊಸೆ ಈಗ ಮಾತಾಡುತ್ತಾಳೆ ಎಂದುಕೊಂಡೇ ಹೊಳೆಮ್ಮ ಮನೆಗೆ ಬಂದಳು. ವಿರುಪಮ್ಮ ಮಾತಾಡಿದಳು. ಬಾಗಿಲಲ್ಲೇ ನಿಂತು, ಕಣ್ಣು ಕೆಂಪಗೆ ಮಾಡಿಕೊಂಡು.

"ಯಾಕ ಹೇಳಿದ್ರಿ?"

"ಖರೆ ಹೇಳಿದೆನವ್ವ ವಿರುಪಿ."

"ಮಂದಿ ಮುಂದ ನನ್ನ ಹಸಿವು ಯಾಕ ಹರವಿದ್ರಿ? ಐದು ವರ್ಷ ಮುಚ್ಚಿಟ್ಟಿದ್ನಿ. ಅವರು ನನ್ನ ಕೂಡ ಗೊನಿ ಹೊರತಾರ, ನಕ್ಕೋಂತ ಮಾತಾಡ್ತಾರ. ನಾಳಿಂದ ಉಣ್ಣಾಕ ಕುಂತಾಗ ಎಲ್ಲಾರೂ ನನ್ನ ಬುತ್ತಿ ನೋಡ್ತಾರ. ಒಂದ್ ಚೂರು ಮುರದು ಕೊಡ್ತಾರ. ನನ್ನ ಕಡೆ ಅದೊಂದಾ ಇತ್ರಿ ಅತ್ತಿ, ಯಾರಿಗೂ ಗೊತ್ತಿಲ್ಲದ್ದು."

ಮೊದಲ ಸಲ ಬೀಜ ಇಟ್ಟಾಗ ಮೊಮ್ಮಗಳ ಮನೆ ಹೋಯಿತು. ಎರಡನೆಯ ಸಲ ಇಟ್ಟಾಗ ಸೊಸೆಯ ಮರೆ ಹೋಯಿತು. ಎರಡು ಸಲವೂ ತಾನು ಖರೆಯನ್ನೇ ಹೇಳಿದೆನೆಂದುಕೊಂಡಿದ್ದಳು ಹೊಳೆಮ್ಮ.

ಮರುದಿನ ಮಂಗಳವಾರ. ಗಡಿಗೆಯ ಜೋಳವನ್ನೆಲ್ಲ ಹೊಳೆಮ್ಮ ಬೆಳಿಗ್ಗೆಯೇ ಮನೆಯ ಕಾಳಿನ ಡಬ್ಬಿಗೆ ಸುರಿದಿದ್ದಳು. ಜೋಗಮ್ಮ ಬಂದು "ಉಧೋ ತಾಯಿ" ಎಂದಾಗ ಬರಿಗೈಯಲ್ಲಿ ಬಾಗಿಲಿಗೆ ಬಂದಳು. ನಲವತ್ತು ವರ್ಷದಲ್ಲಿ ಆಡದ ಮಾತು, ನಾಲಿಗೆಗೆ ಬರುವಾಗ ತೊದಲಿತು.

"ಮುಂದಕ ಹೋಗವ್ವ. ಇವತ್ತು ಇಲ್ಲ."

ಜೋಗಮ್ಮ ಬುಟ್ಟಿಯ ಕೆಳಗಿನಿಂದ ಅವಳನ್ನು ನೋಡಿದಳು. "ಒಂದ್ ತಂಬಿಗಿ ನೀರರ ಕೊಡು. ಬಿಸಿಲು ಭಾಳೈತಿ." ನೀರು ಕುಡಿದು, ಒಳಗಿದ್ದ ಸುಂಕಮ್ಮನನ್ನು ಕರೆದು ಹಣೆಗೆ ಭಂಡಾರ ಹಚ್ಚಿ ಹೋದಳು. ಹುಲಿಗೆಮ್ಮ ಸಿಟ್ಟಾಗಲಿಲ್ಲ, ಆಕಾಶ ಬೀಳಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಹೊಳೆಮ್ಮ ಹೊಸ್ತಿಲ ಮೇಲೆ ಕೂತಳು. ಐದು ವರ್ಷದ ಹಿಂದೆ ಒಂದೇ ಒಂದು ಸಲ ಈ ಮಾತು ಆಡಿದ್ದರೆ ಸಾಕಿತ್ತು.

ಕಾಲುವೆಗೆ ನೀರು ಬಿಡುವುದಕ್ಕೆ ಎರಡು ದಿನ ಇರುವಾಗ ವಿರುಪಮ್ಮನ ಅಣ್ಣ ತಾಯಪ್ಪ ಸಂಡೂರಿನ ಕಡೆಯಿಂದ ಬಂದ. ಬೆಟ್ಟದ ಬುಡದ ಊರು ಅವರದು, ಕೆಂಪು ನೆಲ, ಮಳೆ ಬಂದರೂ ಗಳಿಗೆಯಲ್ಲಿ ಆರುತ್ತದೆ. "ನೀರಾವರಿ ಸೀಮಿಗಿ ಮಗಳನ್ನ ಕೊಟ್ಟೀನಿ ಅಂತ ನಮ್ಮಪ್ಪ ಸಾಯೋತನಕ ಹೇಳ್ಕೊಂಡ ತಿರಗಿದ," ಎಂದು ನಕ್ಕ ತಾಯಪ್ಪ. ಜೊತೆಗೆ ಯಾರೂ ನಗಲಿಲ್ಲ. ಮನೆ ಆಗುವವರೆಗೆ ಹುಡುಗಿ ಅಲ್ಲಿರಲಿ, ಅಲ್ಲೇ ಶಾಲೆಗೆ ಹೋಗಲಿ ಎಂದು ಮಾತಾಗಿತ್ತು.

ಸುಂಕಮ್ಮ ಚೀಲದಲ್ಲಿ ಎರಡು ಲಂಗ, ಒಂದು ಸ್ಲೇಟು ಇಟ್ಟುಕೊಂಡಳು. ಹೊಳೆಮ್ಮ ಅವಳ ಜಡೆ ಹೆಣೆದಳು. ಹೆಣೆದದ್ದನ್ನು ಬಿಚ್ಚಿ ಇನ್ನೊಮ್ಮೆ ಹೆಣೆದಳು.

"ಅಜ್ಜಿ, ನಾ ಹೋದಮ್ಯಾಲ ಅವ್ವನ ತಾಟು ನೀ ನೋಡ್ತೀಯೇನ?"

"ನೋಡ್ತೀನವ್ವ."

"ದಿನಾ?"

"ದಿನಾ."

ಗಾದಿಲಿಂಗಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿಗೆ ಹೊರಟ. ಹತ್ತು ವರ್ಷದ ಹುಡುಗಿ ಹೆಗಲಿಗೆ ದೊಡ್ಡವಳಾಗಿದ್ದಳು, ಕಾಲು ಅವನ ಸೊಂಟದವರೆಗೆ ಜೋತಾಡುತ್ತಿದ್ದವು. ಆದರೂ ಇಳಿಸಲಿಲ್ಲ.

ನೀರು ಬಂತು. ಏರಿಯುದ್ದಕ್ಕೂ ಕಪ್ಪೆಗಳು ಎದ್ದವು, ಗದ್ದೆಗಳಲ್ಲಿ ನಾಟಿ ಶುರುವಾಯಿತು. ಎಂಟನೆಯ ದಿನಕ್ಕೆ ಹಿಂದಿನ ಗೋಡೆ ಬೆವರಿತು. ದಿಬ್ಬದ ಮೇಲೆ ಒಂಬತ್ತು ಮನೆಗಳ ಅಡಿಪಾಯ ಕಾಣುತ್ತಿತ್ತು. ಭೀಮವ್ವ ಈಚೆಗೆ ಈ ಮನೆಯ ಮುಂದೆ ಹಾದು ಹೋಗುವಾಗ ಬಿರಬಿರನೆ ನಡೆಯುತ್ತಿದ್ದಳು.

ಅಂದು ಸಂಜೆ ಗಾದಿಲಿಂಗಪ್ಪ ಉಂಡು ಕಟ್ಟೆಗೆ ಹೋದ. ಹೊಳೆಮ್ಮ ಉಂಡಳು, ಕೈ ತೊಳೆದಳು, ಕಟ್ಟೆಗೆ ಹೋಗಲಿಲ್ಲ. ಮೊಮ್ಮಗಳು ಕೂರುತ್ತಿದ್ದ ಜಾಗದಲ್ಲಿ, ಒಲೆಗೆ ಬೆನ್ನು ಕೊಟ್ಟು ಕೂತಳು. ಮೂಲೆಯ ಗಡಿಗೆಯನ್ನು ಬೋರಲು ಹಾಕಿತ್ತು.

"ನೀ ಉಣ್ಣ," ಎಂದಳು.

"ಹೊಲದಾಗ ಉಂಡೀನ್ರಿ ಅತ್ತಿ. ಹೊಟ್ಟಿ ತುಂಬೈತಿ," ಎಂದಳು ವಿರುಪಮ್ಮ.

ನಾಟಿಯ ದಿನಗಳಲ್ಲಿ ಗದ್ದೆಯವರು ಕೂಲಿಯವರಿಗೆ ಅನ್ನ ಹಾಕುವುದುಂಟು. ಆ ಮಾತು ಖರೆಯೇ ಇರಬಹುದು. ಹೊಳೆಮ್ಮ ಸೊಸೆಯ ಮುಖವನ್ನು ಒಲೆಯ ಬೆಳಕಿನಲ್ಲಿ ನೋಡಿದಳು. ಗೊತ್ತಾಗಲಿಲ್ಲ. ಅಷ್ಟು ವರ್ಷ ಕೇಳಿದ ಕೂಡಲೇ ನಂಬಿದ್ದಳು. ಇನ್ನು ಮೇಲೆ ಖರೆಯಿದ್ದರೂ ನಂಬುವಂತಿರಲಿಲ್ಲ.

ಅವಳು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ತಾಟಿನಲ್ಲಿಟ್ಟು, ಪಲ್ಯ ಹಾಕಿ, ಸೊಸೆಯ ಮುಂದೆ ಸರಿಸಿದಳು. ವಿರುಪಮ್ಮ ತಾಟನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ತುಂಡು ಮುರಿದಳು. ಮನೆಯಲ್ಲಿ ಅತ್ತೆ ನೋಡುತ್ತಿರುವಾಗ ಉಂಡು ಅವಳಿಗೆ ಅಭ್ಯಾಸವಿರಲಿಲ್ಲ. ತುತ್ತು ಗಂಟಲಲ್ಲಿ ನಿಂತು ನಿಂತು ಇಳಿಯುತ್ತಿತ್ತು. ಅದು ಹೊಳೆಮ್ಮನಿಗೆ ಕಾಣುತ್ತಿತ್ತು. ತಾನು ಎದ್ದು ಹೋದರೆ ಸಲೀಸಾಗಿ ಉಂಡಾಳು ಎಂದೂ ಅನ್ನಿಸುತ್ತಿತ್ತು.

ಆದರೂ ಅವಳು ಏಳಲಿಲ್ಲ.